ಅದೇ ಚೀಲ

ಉಬ್ರಾಣಿಯ ಅತ್ತೆಯವರಿಗೆ ನ್ಯಾಮತಿಯಿಂದ ಶಾಂತಲಾಳ ಶರಣು.

ನೀವು ಕೊಟ್ಟ ಬೆಕ್ಕಿನ ಮರಿಗೆ ವಾಪಸ್ ದಾರಿ ಗೊತ್ತಾಗಬಾರದೆಂದು ನಿಮ್ಮ ಮಗ ಅದನ್ನು ಚೀಲದಲ್ಲಿ ಕಟ್ಟಿ ತಂದರು. ಹೋದ ತಿಂಗಳು ನಮ್ಮ ಮುದಿ ಬೆಕ್ಕನ್ನು ಒಯ್ದು ಸೂಳೆಕೆರೆ ಏರಿಯ ಮೇಲೆ ಬಿಟ್ಟು ಬಂದದ್ದೂ ಅದೇ ಚೀಲದಲ್ಲಿ. ಮರಿಯನ್ನು ತರುವಾಗ ಅದೇ ಏರಿಯ ಮೇಲೆ ಬೈಕ್ ನಿಲ್ಲಿಸಿ ಟೀ ಕುಡಿದರಂತೆ.

ಚೀಲ ಬಿಚ್ಚಿದಾಗ ನಮ್ಮ ನಾಯಿ ಮರಿಯ ಮೇಲೆ ಬೀಳಬಹುದೆಂದು ನಾನು ಸರಪಳಿ ಹಿಡಿದಿದ್ದೆ. ಅದು ಬಾಲ ಅಲ್ಲಾಡಿಸಿ ದಾರಿ ಬಿಟ್ಟಿತು. ಮರಿ ನೇರ ಅಡುಗೆಮನೆಗೆ ಹೋಗಿ, ಮುದಿ ಬೆಕ್ಕು ಮಲಗುತ್ತಿದ್ದ ಅಕ್ಕಿ ಡಬ್ಬಿಯ ಹಿಂದೆ ಮಲಗಿತು. "ಹೊಂದ್ಕೊಂಡೈತೆ, ಸುಮ್ನಿರು" ಎಂದರು ಇವರು.

ಇವತ್ತು ನಿಮ್ಮ ಪಕ್ಕದ ಮನೆಯ ಚೌಡಮ್ಮ ಬಂದಿದ್ದರು. "ನಿಮ್ ಮರಿ ಊರು ದಾಟೋ ಮುಂಚೆನೇ ಚೀಲದಿಂದ ತಪ್ಪಿಸ್ಕೊಂಡು ವಾಪಸ್ ಬಂದೈತಲ್ರೀ" ಎಂದರು.

ದಯವಿಟ್ಟು ನಿಮ್ಮಲ್ಲಿರುವ ಆ ಮರಿಯನ್ನು ಇಲ್ಲಿಗೆ ಕಳಿಸಬೇಡಿ. ನಾಯಿ ಈಗ ಬೊಗಳುವುದು ನನ್ನನ್ನೂ ನಿಮ್ಮ ಮಗನನ್ನೂ ಕಂಡಾಗ ಮಾತ್ರ.

ನಿಮ್ಮ ಸೊಸೆ,
ಶಾಂತಲಾ