ಮುಚ್ಚಳ ತೆಗೆದಿಟ್ಟ ಊರು

ಕಡೇತೂಬು, ೨೨೯೬ನೆಯ ಇಸವಿ, ಉತ್ತರೆ ಮಳೆಯ ಎಂಟನೆಯ ದಿನ.

ನನ್ನ ತಂಗಿ ತಿಪ್ಪಕ್ಕನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ,

ನೀವಿನ್ನೂ ಹುಟ್ಟಿಲ್ಲ. ಹುಟ್ಟಿ ದೊಡ್ಡವರಾಗುವ ಹೊತ್ತಿಗೆ ನನ್ನ ಮಾತುಗಳು ನಿಮಗೆ ಸೋಜಿಗವಾಗಿ ಕೇಳಿಸಬಹುದು, ಮನ್ನಿಸಿ. ತಾರೀಕು ನೋಡಿ ಇಲ್ಲಿ ಮಳೆ ಬರುತ್ತಿದೆಯೆಂದು ತಿಳಿಯಬೇಡಿ. ಮಳೆ ನಮ್ಮನ್ನು ಬಿಟ್ಟು ತಲೆಮಾರುಗಳಾದವು. ಆದರೂ ವರ್ಷವನ್ನು ಮಳೆಗಳ ಹೆಸರಿನಲ್ಲೇ ಎಣಿಸುತ್ತೇವೆ: ಭರಣಿ, ಆರಿದ್ರೆ, ಮಖೆ, ಉತ್ತರೆ. ಬಾರದ ನೆಂಟನಿಗೆ ದಿನಾ ಎಲೆ ಹಾಕಿದ ಹಾಗೆ.

ಈಗ ಈ ಊರಿನಲ್ಲಿ ನಾನೊಬ್ಬಳೇ ಇದ್ದೇನೆ. ಹೆಸರು ಸಣ್ಣಪಾಲಮ್ಮ, ವಯಸ್ಸು ನಲವತ್ತಾರು, ಕೆಲಸ ಮುಚ್ಚಳಗಿತ್ತಿ. ನಿಮ್ಮ ಕಾಲಕ್ಕೆ ಈ ಕಸುಬು ಇರಲಾರದು, ಹಾಗಾಗಿ ಹೇಳುತ್ತೇನೆ. ನಮಗೆ ಎಂಟು ದಿನಕ್ಕೊಮ್ಮೆ ನೀರುಬಂಡಿ ಬರುತ್ತಿತ್ತು, ಮನೆಗೆ ಎರಡು ಕೊಡ. ತೆರೆದಿಟ್ಟ ಕೊಡದ ನೀರನ್ನು ಬಿಸಿಲು ಕುಡಿಯುತ್ತದೆ, ಉಳಿದದ್ದನ್ನು ಕೆಂಧೂಳಿನ ಗಾಳಿ ಕೆಡಿಸುತ್ತದೆ. ಆದ್ದರಿಂದ ಹತ್ತು ಉಸಿರಿಗಿಂತ ಹೆಚ್ಚು ಹೊತ್ತು ಯಾವ ಪಾತ್ರೆಯೂ ಬಾಯಿ ತೆರೆದಿರಬಾರದೆಂದು ಊರ ಕಟ್ಟಳೆ. ಅರವತ್ತೊಂದು ಮನೆಗಳ ಮುಚ್ಚಳ ನೋಡಿಬರುವುದು, ಗಾಳಿ ಎದ್ದರೆ ತಗಡಿನ ತಟ್ಟೆ ಬಡಿದು ಕೂಗುವುದು ನನ್ನ ಪಾಲಿನ ಕೆಲಸ. ನನ್ನ ಕೂಗು ಕೇಳಿದರೆ ಬಾಣಂತಿಯೂ ಎದ್ದು ಕೊಡ ಮುಚ್ಚುತ್ತಿದ್ದಳು. ಜಂಬದ ಮಾತಲ್ಲ, ಅಷ್ಟು ಚೆನ್ನಾಗಿ ಕಲಿಸಿದ್ದೆ.

ಊರ ನಡುವೆ ಒಂದು ಕಲ್ಲುತೊಟ್ಟಿ ಇದೆ. ಎಲ್ಲ ಮನೆಗಳ ಮಾಳಿಗೆಯಿಂದ ನೀರು ಅದರೊಳಕ್ಕೆ ಇಳಿಯುವಂತೆ ಹಿಂದಿನವರು ಕಾಲುವೆಯಂಥ ದೋಣಿ ಕಟ್ಟಿದ್ದಾರೆ. ನಮ್ಮ ಕಾಲದಲ್ಲಿ ಗಾಳಿ ಎದ್ದಾಗ ಅದಕ್ಕೂ ತಗಡು ಹೊದಿಸಿ, ಧೂಳು ಹೋಗದಂತೆ ದೋಣಿಯ ಬಾಯಿಗೆ ಬಟ್ಟೆ ತುರುಕುತ್ತಿದ್ದೆವು. ಮಳೆ ಕಂಡವರು ಊರಿನಲ್ಲಿ ಒಬ್ಬರೇ, ಎಂಬತ್ತು ದಾಟಿದ ಓಬಜ್ಜಿ. ಆರು ವರ್ಷದವಳಿದ್ದಾಗ ಕಂಡಿದ್ದಳಂತೆ. "ಮಳೆ ಬಂದ್ರೆ ಕೇಡಲ್ಲ, ಮಗ ಉಂಡ್ರೆ ಕೇಡಲ್ಲ" ಎಂದು ಯಾವಾಗಲೂ ಅನ್ನುತ್ತಿದ್ದಳು. ಅದು ಹೇಗಿರುತ್ತಜ್ಜಿ ಎಂದು ಕೇಳಿದರೆ, "ಬಂದಾಗ ನಿಂಗೇ ತಿಳೀತದೆ ಬಿಡೇ" ಎಂದು ನಗುತ್ತಿದ್ದಳು. ನನಗೆ ತಿಳಿಯಲಿಲ್ಲ.

ಮೂರು ವರ್ಷದ ಹಿಂದೆ, ಇದೇ ಉತ್ತರೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಯಿತು. ಇಷ್ಟು ಕಪ್ಪು ಧೂಳನ್ನು ನಾನು ಕಂಡೇ ಇರಲಿಲ್ಲ. ತಟ್ಟೆ ಬಡಿದೆ. "ಮುಚ್ರೋ, ಎಲ್ಲಾ ಮುಚ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅಯ್ಯೋ, ಎಷ್ಟು ಚೆನ್ನಾಗಿ ಮುಚ್ಚಿದರು! ತೊಟ್ಟಿಯ ತಗಡನ್ನು ನಾಲ್ವರು ಎಳೆದರು, ಮಕ್ಕಳು ದೋಣಿಗಳಿಗೆ ಬಟ್ಟೆ ತುರುಕಿದರು, ಎಲ್ಲರೂ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ನಾನು ಕೆಲವು ಹೆಂಗಸರೊಡನೆ ಓಬಜ್ಜಿಯ ಮನೆ ಹೊಕ್ಕೆ. ಆಮೇಲೆ ತಲೆಯ ಮೇಲೆ ಯಾರೋ ರಾಗಿ ಸುರಿದಂಥ ಸದ್ದು. ಓಬಜ್ಜಿ ಕೋಲು ಬಿಸುಟು ಬಾಗಿಲಿಗೆ ಬಂದಳು. "ತೆಗೀರೇ, ಮುಚ್ಳ ತೆಗೀರೇ ಮುಂಡೇವಾ! ಅದು ಮಳೆ ಕಣ್ರೇ, ಮಳೆ!" ಎಂದು ಅರಚಿದಳು. ಮುದುಕಿಗೆ ಅರಳುಮರಳು ಎಂದುಕೊಂಡೆ. ಧೂಳಿಗೆ ಹೋದರೆ ಸತ್ತಾಳೆಂದು ಅವಳ ರಟ್ಟೆ ಹಿಡಿದು ಒಳಗೆ ಕೂರಿಸಿದವಳು ನಾನೇ. ಅವಳು ನನ್ನ ಕೈ ಕಚ್ಚಿದಳು. ಆದರೂ ಬಿಡಲಿಲ್ಲ.

ಸದ್ದು ನಿಂತ ಮೇಲೆ ಬಾಗಿಲು ತೆಗೆದೆವು. ಮಾಳಿಗೆಯ ನೀರು ದೋಣಿ ಹೊಗದೆ ಗೋಡೆಯ ಮೇಲಿಂದ ಇಳಿದು, ತಗಡಿನ ಮೇಲೆ ಹರಿದು, ಮರಳಿಗೆ ಸೇರಿತ್ತು. ಎಲ್ಲ ಕೊಡಗಳೂ ಮುಚ್ಚಿದ್ದವು, ಒಳಗೆ ಬಂಡಿಯ ನೀರು ಎಷ್ಟಿತ್ತೋ ಅಷ್ಟೇ. ಜನ ಮುಚ್ಚಳಗಳನ್ನು ಎತ್ತಿ ನೆಕ್ಕಿದರು. ನಾನೂ ನೆಕ್ಕಿದೆ. ತಗಡಿನ ರುಚಿಯಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಅಂದು ಹಗುರವಾಗುತ್ತಿದ್ದೆ. ಆ ತಿಂಗಳೇ ಓಬಜ್ಜಿ ತೀರಿಕೊಂಡಳು, ನನ್ನೊಡನೆ ಮತ್ತೆ ಮಾತಾಡದೆ. ಬಂಡಿಯವರು ಬಂದು, ಮಳೆ ಬೀಳುವ ಊರಿಗೆ ಸುಮ್ಮನೆ ನೀರು ಹೊರಲಾರೆವು, ಮೂರು ಉತ್ತರೆಯೊಳಗೆ ನಿಮ್ಮ ತೊಟ್ಟಿಯಲ್ಲಿ ನಿಮ್ಮದೇ ಒಂದು ಗೇಣು ನೀರು ನಿಂತರೆ ಊರು ಉಳಿಯುತ್ತದೆ, ಇಲ್ಲದಿದ್ದರೆ ಬಂಡಿ ನಿಲ್ಲುತ್ತದೆ ಎಂದರು. ಜನ ಒಂದೊಂದೇ ಮನೆಯಾಗಿ ತೆಂಕಣಕ್ಕೆ ಹೋದರು. ತಿಪ್ಪಕ್ಕ ಕೊನೆಯವಳು. "ಬಾರೇ ಅಕ್ಕಾ, ಇಲ್ಲಿ ಯಾರಿಗೆ ಕಾವಲು ಕಾಯ್ತೀಯ?" ಎಂದು ಅತ್ತಳು. ಅವಳ ಕಣ್ಣು ಒರೆಸಿ ಕಳಿಸಿಕೊಟ್ಟೆ.

ಅವಳು ಹೋದ ಮರುದಿನ ಊರಿನ ಮುಚ್ಚಳಗಳನ್ನೆಲ್ಲ ತೆಗೆದು ಓಬಜ್ಜಿಯ ಮನೆಯಲ್ಲಿ ಪೇರಿಸಿದೆ. ದೋಣಿಗಳ ಬಟ್ಟೆ ಕಿತ್ತೆ. ತೊಟ್ಟಿಯ ತಗಡನ್ನು ಒಬ್ಬಳೇ ಸರಿಸಲು ಹನ್ನೊಂದು ದಿನ ಹಿಡಿಯಿತು. ಈಗ ಹಂಡೆ, ಗಡಿಗೆ, ಬೋಗುಣಿ, ಎಲ್ಲ ಅಂಗಳದಲ್ಲಿ ಬಾಯಿ ತೆರೆದು ಕೂತಿವೆ. ದಿನಾ ಬೆಳಿಗ್ಗೆ ಮನೆಮನೆಗೂ ಹೋಗಿ ಧೂಳು ಒರೆಸುತ್ತೇನೆ, ಮಳೆ ಬಂದರೆ ಕೆಸರಾಗಬಾರದಲ್ಲ. "ಏನ್ ಕಾಟಮ್ಮ, ಹಂಡೆ ಹಿಂಗಾ ಇಡೋದು?" ಎಂದು ಇಲ್ಲದವರನ್ನು ಗದರುತ್ತೇನೆ. ತಿರುಗಿ ಬೈಯುವವರಿಲ್ಲ. ಅದಕ್ಕಿಂತ ದೊಡ್ಡ ಬಾಯಾರಿಕೆ ನನಗೆ ಗೊತ್ತಿಲ್ಲ.

ನಿನ್ನೆ ಬಂಡಿಯ ದುರುಗಪ್ಪ ನನ್ನೊಬ್ಬಳ ಕೊಡ ಇಳಿಸಿ, "ಯಮ್ಮಾ, ಒಬ್ಬಾಕೆಗೆ ಅಂತ ಇಷ್ಟು ದೂರ ಬರಾಕಾಗಲ್ಲ. ಉತ್ತರೆ ಮುಗಿದ ದಿನ ಬರ್ತೀನಿ, ಗಂಟು ಕಟ್ಟಿ ಕುಂತಿರು" ಎಂದ. ಇನ್ನು ಆರು ದಿನ. ಆರು ದಿನದಲ್ಲಿ ಒಂದು ಗೇಣು ನೀರು ಬಂದರೆ ಅರವತ್ತೊಂದು ಮನೆಗೂ ಬನ್ನಿರೋ ಎಂದು ಹೇಳಿ ಕಳಿಸುತ್ತೇನೆ. ಬಾರದಿದ್ದರೆ ಬಂಡಿ ಹತ್ತುತ್ತೇನೆ. ಹಟ ಮಾಡಿ ಇಲ್ಲೇ ಸಾಯುವಷ್ಟು ದಡ್ಡಿಯಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ನೀವು ಎಲ್ಲೇ ಇರಿ, ಮಕ್ಕಳಿಗೆ ಮುಚ್ಚುವುದನ್ನು ಕಲಿಸುವಾಗ ತೆರೆಯುವುದನ್ನೂ ಕಲಿಸಿ. ಮುದುಕರು ಅರಚಿದರೆ ರಟ್ಟೆ ಹಿಡಿಯಬೇಡಿ, ಒಮ್ಮೆ ಹೊರಗೆ ಹೋಗಿ ನೋಡಿ.

ಈ ಪತ್ರವನ್ನು ಓಬಜ್ಜಿಯ ಗಡಿಗೆಯಲ್ಲಿಟ್ಟು, ಅವಳ ಅಂಗಳದ ನಡುವೆ ಬಾಯಿ ತೆರೆದೇ ಬಿಡುತ್ತೇನೆ. ಬರೆದ ಮಸಿ ದೀಪದ ಕಾಡಿಗೆಯದು, ನೀರು ಬಿದ್ದರೆ ಒಂದಕ್ಷರವೂ ಉಳಿಯುವುದಿಲ್ಲ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಇನ್ನೂ ಮಳೆ ಬಂದಿಲ್ಲ. ಮಕ್ಕಳೇ, ನನ್ನ ಈ ಪತ್ರ ನಿಮಗೆ ಓದಲು ಸಿಗದೇ ಇರಲಿ.

ಸಣ್ಣಪಾಲಮ್ಮ