ಪ್ರಾಚಿ ಅತ್ತರ

ಪ್ರಾಚಿ ಅಪ್ಪಾರ,

ಅಂಗನವಾಡಿ ಟ್ರೇನಿಂಗಿಗೆ ಇವತ್ತೂ ಚಿಕ್ಕೋಡಿಗೆ ಹೊಂಟೀನಿ. ರೊಟ್ಟಿ ಬುಟ್ಟಿಯೊಳಗ ಅದಾವ, ಪಲ್ಯಾ ಬಿಸಿ ಮಾಡ್ಕೊಳ್ರಿ.

ಮಾರಿದ ಆಕಳ ಕರಾ ನೆನಸಿ ಪ್ರಾಚಿ ಇವತ್ತೂ ಅಳತಾಳ. ನಿನ್ನೆಯಂಗ "ಸುಮ್ನ ಕುಂಡರ" ಅಂತ ಒದರಬ್ಯಾಡ್ರಿ. ಅಳೋ ಹೊತ್ತಿನಾಗ ಕೂಸಿನ ಮೆದುಳಿಗೆ ಬುದ್ಧಿಮಾತು ಹತ್ತೂದಿಲ್ಲಂತ, ಟ್ರೇನಿಂಗಿನ ಮೇಡಮ್ಮಾರು ನಿನ್ನೆ ಚಿತ್ರ ತೋರಿಸಿ ಹೇಳಿದ್ರು. ಮೊದಲ ತೊಡಿ ಮ್ಯಾಲ ಕುಂಡ್ರಿಸ್ಕೊಂಡು "ಕರಾ ಹೋತಂತ ಸಂಕಟ ಆಗೇತೇನ" ಅಂತ ಕೇಳ್ರಿ. ತಿಳಿಸಿ ಹೇಳೂದು ಆಮ್ಯಾಲ.

"ಸಣ್ಣವರಿದ್ದಾಗ ನೀವು ಅತ್ತರ ಯಾರು ಎತ್ಕೊಳ್ತಿದ್ರು?" ಅಂತ ಮೇಡಮ್ಮಾರು ನಮ್ಮನ್ನೂ ಕೇಳಿದ್ರು. ಒಬ್ಬೊಬ್ಬರು ಅವ್ವ ಅಂದ್ರು, ಅಜ್ಜಿ ಅಂದ್ರು. ನನಗ ಯಾರ ಹೆಸರೂ ನೆನಪಾಗಲಿಲ್ಲ. ನೀರು ಕುಡಿಯಾಕ ಅಂತ ಎದ್ದು ಹೊರಗ ಹೋದೆ.

ನಿನ್ನೆ ಸಂಜಿಕ ಬಂದು ನಿಮಗ ಹೇಳಬೇಕಂದಿದ್ದೆ, ಬಾಯಿ ಬರಲಿಲ್ಲ. ಅದಕ್ಕ ಬರದಿಟ್ಟೀನಿ.

ಅನುಸೂಯಾ