ಒಂದು ವರ್ಷ ಬರುವ ಸೆಲ್

ನವೆಂಬರ್ 12, ಸಂಜೆ
ಇವರಿಗೆ ಉಣಿಸಿ ಕಂಪ್ಯೂಟರ್ ಮುಂದೆ ಕೂತೆ. ಏಳನೇ ಕ್ಲಾಸಿನ ಪ್ರಶ್ನೆಪತ್ರಿಕೆ ಅರ್ಧ ಆಗಿತ್ತು — ಮೌಸ್ ನಿಂತಿತು. ಮತ್ತೆ ಸೆಲ್! ಹಾಕಿ ತಿಂಗಳೂ ಆಗಿಲ್ಲ. ಮೌಸಿನ ಡಬ್ಬಿ ಮೇಲೆ ‘ಸೆಲ್ ಒಂದು ವರ್ಷ’ ಅಂತ ದಪ್ಪಗೆ ಬರೆದಿದೆ. ಕೀಬೋರ್ಡಿನ ಸೆಲ್ ಮಾತ್ರ ತಂದಾಗಿನದೇ, ಇನ್ನೂ ನಡೆದಿದೆ.
“ಶರಫುದ್ದೀನ ಡುಪ್ಲಿಕೇಟ್ ಕೊಟ್ಟಾನ. ಬಿಡಬ್ಯಾಡ ಅವಗ,” ಅಂದರು ಇವರು.

ನವೆಂಬರ್ 13
ಶಾಲೆ ಬಿಟ್ಟು ನೇರ ಶರಫುದ್ದೀನನ ಅಂಗಡಿಗೆ. ಗಿರಾಕಿಗಳ ಮುಂದೆಯೇ ಬೈದೆ. ಮೋಸಗಾರ ಅಂದೆ. ಶರಫುದ್ದೀನ ಬೇರೆ ಸೆಲ್ ಹಾಕಿಕೊಟ್ಟ.

ಡಿಸೆಂಬರ್ 6
ಪರಿನಿರ್ವಾಣ ದಿನ. ಬುದ್ಧವಿಹಾರಕ್ಕೆ ಹೋಗಿದ್ದೆವು. ಎಲ್ಲರೂ ಕೈ ಮುಗಿದರು. ಇವರು ಎಡಗೈ ಒಂದನ್ನೇ ಎದೆಗೆ ಇಟ್ಟುಕೊಂಡು ನಿಂತರು. ನನ್ನ ಕಣ್ಣು ತುಂಬಿತು. ಹವಳಗಾ ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗಿನಿಂದ ಬಲಗೈ ಬೆರಳು ಬಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ಜೇವರ್ಗಿ ಹಾಸ್ಟೆಲ್ ವಾರ್ಡನ್ ಕೆಲಸದ ಆರ್ಡರ್ ಬಂದರೂ ಅದಕ್ಕೇ ಹೋಗಲಿಲ್ಲ. ಹೋಗಿದ್ದರೆ ರಾತ್ರಿ ಹಗಲು ಹಾಸ್ಟೆಲಿನಲ್ಲೇ ಉಳಿಯಬೇಕಿತ್ತು. ಇವರಿಗೆ ಯಾರು ಉಣಿಸಬೇಕು?

ಡಿಸೆಂಬರ್ 19
ಮತ್ತೆ ಸೆಲ್ ಸತ್ತಿದೆ. ಶರಫುದ್ದೀನ ಅಂದ: “ಟೀಚರ್ರ, ಹೊಸಾ ಸೆಲ್ ಹಾಕಿ ಮೌಸ್ ನನ್ ಕಡೆ ಇಟ್ಕೋತೇನಿ. ಒಂದ್ ವಾರ ಬಿಟ್ಟು ಬರ್ರಿ.”

ಡಿಸೆಂಬರ್ 27
ಅಂಗಡಿಯಿಂದ ಮೌಸ್ ವಾಪಸ್ ತಂದೆ. ಶರಫುದ್ದೀನ ಅಂದ:
“ಮೌಸೂ ಚಲೋ ಐತ್ರಿ, ಸೆಲ್ಲೂ ಚಲೋ ಐತಿ. ಸುಮ್ನ ಇಟ್ರ ಮಲಗತದ. ಆಡಿಸಿದಷ್ಟು ಸೆಲ್ ತಿಂತದ. ಮನ್ಯಾಗ ಯಾರೋ ದಿನಾಪೂರ್ತಿ ನಡಸಾಕತ್ತಾರ ನೋಡ್ರಿ.”
ಹಗಲು ಮನೆಯಲ್ಲಿ ಇವರು, ಅತ್ತೆ. ಅತ್ತೆಗೆ ಕಂಪ್ಯೂಟರ್ ಹಚ್ಚಲು ಬರುವುದಿಲ್ಲ. ಇವರು ಎಡಗೈಯಿಂದ ಆಡಿಸುತ್ತಾರೇನೋ... ಕೇಳಿದೆ.
“ನಾ ಮುಟ್ಟೇ ಇಲ್ಲ,” ಅಂದರು.
ಇಷ್ಟಕ್ಕೆ ಸುಳ್ಳು ಯಾಕೆ?

ಡಿಸೆಂಬರ್ 30, ಮಧ್ಯಾಹ್ನ
ಶಾಲೆ ಬೇಗ ಬಿಟ್ಟಿತು. ಅತ್ತೆ ಹೊಸ್ತಿಲಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನ ಕಂಡಿದ್ದೇ “ಧಮ್ಮಪಾಲಾ!” ಅಂತ ಒಳಕ್ಕೆ ಕೂಗಿದರು. ನಾನು ಆಗಲೇ ಕಿಟಕಿ ಹತ್ತಿರ ಇದ್ದೆ.
ಬಲಗೈ. ಮೌಸ್ ಮೇಲೆ. ಬೆರಳು ಟಕಟಕ ಬಡಿಯುತ್ತಿವೆ. ಪರದೆ ಮೇಲೆ ಇಸ್ಪೀಟು ಎಲೆ.
ಕೈ ಜಾರಿ ತೊಡೆಗೆ ಬಿತ್ತು — ಸತ್ತ ಕೈಯ ಹಾಗೆ. ಇನ್ನೂ ನಾಟಕ.
“ಕೈ ಯಾವಾಗಿಂದ ಚಲೋ ಆಗೇದ?”
“... ಆಗಸ್ಟ್.”
“ಜೇವರ್ಗಿ ಆರ್ಡರ್ ಬರೂಕಿಂತ ಮೊದ್ಲೇ!”
“ನೀ ಹೋಗಿದ್ರ ತಿರುಗಿ ಬರ್ತಿದ್ದಿಲ್ಲ, ಪಂಚಶೀಲಾ.”
ಅತ್ತೆ ಬಾಗಿಲಿಗೆ ಬಂದರು. “ಮನಿ ಒಡೀಬಾರದಂತ ನಾನೂ ಬಾಯಿ ಮುಚ್ಕೊಂಡಿದ್ದೆ ಬೇ.”
ನಾನೂ ಅಂತೆ. ಇಬ್ಬರೂ ಕೂಡಿ. ದಿನಾ ನನ್ನ ಕೈತುತ್ತು ತಿನ್ನುತ್ತ.

ಜನವರಿ 8
ಬರೆಯಲು ಆಗಿರಲಿಲ್ಲ. ಇವತ್ತು ಶರಫುದ್ದೀನನ ಅಂಗಡಿಗೆ ಹೋಗಿ, ಗಿರಾಕಿಗಳು ಇದ್ದಾಗಲೇ, ತಪ್ಪಾಯ್ತು ಅಂದೆ. “ಇರ್ಲಿ ಬಿಡ್ರಿ, ಕೂಡ್ರಿ, ಚಾ ಕುಡೀರಿ,” ಅಂದ. ಏನಾಯಿತು ಅಂತ ಕೇಳಲಿಲ್ಲ.
ಜೇವರ್ಗಿಗೆ ಫೋನ್ ಮಾಡಿದೆ. ಆ ಜಾಗಕ್ಕೆ ಫರಹೀನ ಅನ್ನುವವರು ಬಂದಿದ್ದಾರಂತೆ. ನೆಲೋಗಿ ಹಾಸ್ಟೆಲಿನಲ್ಲಿ ಟೆಂಪರರಿ ವಾರ್ಡನ್ ಕೆಲಸ ಇದೆಯಂತೆ. ಸೋಮವಾರ ಬಾ ಅಂದರು.

ಜನವರಿ 12, ಬೆಳಿಗ್ಗೆ, ಬಸ್‌ಸ್ಟ್ಯಾಂಡ್
ಇವರ ಕೈಗೆ ಬ್ಯಾಗ್ ಕೊಡಲಿಲ್ಲ. ಆದರೂ ಹಿಂದೆ ಹಿಂದೆ ಬಂದರು. ಬಸ್ಸು ನಿಂತಿದೆ. ಕಿಟಕಿ ಹೊರಗಿಂದ ಸರಳು ಹಿಡಿದುಕೊಂಡಿದ್ದಾರೆ, ಎರಡೂ ಕೈಯಿಂದ, ಬಿಗಿಯಾಗಿ.
“ಇಲ್ಲಿ ನೋಡು... ಐತವಾರ ಬರ್ತೀ?”
ನಾನು ಬರೆಯುತ್ತಲೇ ಇದ್ದೇನೆ. ತಲೆ ಎತ್ತಿದರೆ ‘ಬರ್ತೀನಿ’ ಅಂದುಬಿಟ್ಟೇನು.